ದೂರದ ಆರೈಕೆಗೆ ಹತ್ತಿರದ ಕೈ

(ಅಂತರಸನಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಎಂದರೆ ಮುಂದಿನವರಿಗೆಂದು ಹಿಂದಿನವರು ಕಟ್ಟಿಟ್ಟ ಬುತ್ತಿ. ಅದನ್ನು ಬಿಚ್ಚಿ ಹಂಚುವ ಕೆಲಸವನ್ನು ಈ ವರ್ಷ ನನಗೆ ಒಪ್ಪಿಸಿದ್ದೀರಿ. ನಾನು ಇದೇ ತುಮಕೂರು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯನಾಗಿದ್ದು ನಿವೃತ್ತನಾದವನು. ಜ್ವರ, ಭೇದಿ, ಹೆರಿಗೆ, ಹಾವು ಕಡಿತಗಳ ನಡುವೆ ನನ್ನ ಮೇಜಿನ ಎದುರೇ ಕೂತಿದ್ದು, ನನಗೆ ಬಹಳ ವರ್ಷ ಕಾಣದೇ ಹೋದ ಕಾಯಿಲೆಯೊಂದಿದೆ. ಅದು ಮನಸ್ಸಿನ ಕಾಯಿಲೆ. ಅದಕ್ಕೆ ಹಳ್ಳಿಯಲ್ಲಿ ಕೂತೇ ಚಿಕಿತ್ಸೆ ಪಡೆಯುವ ದಾರಿ ಈಗ ತೆರೆದಿದೆ. ಆ ದಾರಿಯಲ್ಲಿ ನಮ್ಮ ಜನ ಇನ್ನೂ ಯಾಕೆ ನಡೆಯುತ್ತಿಲ್ಲ, ನಡೆಯಬೇಕಾದರೆ ಏನಾಗಬೇಕು ಎಂಬುದೇ ಇವತ್ತಿನ ಮಾತು.

ಬೆಳಗ್ಗೆ ಇಲ್ಲಿಗೆ ಬರುವ ಮೊದಲು ಇಲ್ಲಿನ ತರಕಾರಿ ಮಾರುಕಟ್ಟೆಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಹೀರೇಕಾಯಿ ಮೂಟೆ ಇಳಿಸಿದ ರೈತರೊಬ್ಬರು ಫೋನಿನಲ್ಲಿ ಮನೆಗೆ ರೇಟು ಹೇಳುತ್ತಿದ್ದರು. ಪಕ್ಕದವರು ತಿಪಟೂರಿನಲ್ಲಿ ಕೊಬ್ಬರಿ ಎಷ್ಟಕ್ಕೆ ಹೋಯಿತೆಂದು ಫೋನಿನಲ್ಲೇ ಕೇಳುತ್ತಿದ್ದರು. ಹೇಮಾವತಿ ನಾಲೆಗೆ ನೀರು ಬಿಟ್ಟ ಸುದ್ದಿ, ಡೇರಿಯ ಬಟವಾಡೆ ಖಾತೆಗೆ ಬಿದ್ದ ಸುದ್ದಿ, ಮಗಳ ಪರೀಕ್ಷೆಯ ಫಲಿತಾಂಶ, ಎಲ್ಲವೂ ಆ ಅಂಗೈಯೊಳಗೇ ಬರುತ್ತದೆ. ಅವರನ್ನು ಮಾತನಾಡಿಸಿ, ‘14416 ನಂಬರ್ ಕೇಳಿದ್ದೀರಾ?’ ಎಂದೆ. ಇಬ್ಬರೂ ಇಲ್ಲವೆಂದರು. ಅದು ಮನಸ್ಸಿಗೆ ಕಷ್ಟವಾದಾಗ ಹಗಲು ರಾತ್ರಿ ಯಾವಾಗ ಬೇಕಾದರೂ ಕಾಸಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದಾದ ಸರ್ಕಾರದ ನಂಬರ್ ಎಂದೆ. ಹೀರೇಕಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ಭಾವಮೈದನ ಇದ್ದಾಗ ಇದು ಇತ್ತಾ ಸಾರ್?’ ಎಂದು ಕೇಳಿದರು. ಮುಂದೆ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಪ್ರಶ್ನೆಯನ್ನು ಹೊತ್ತುಕೊಂಡೇ ಈ ವೇದಿಕೆ ಹತ್ತಿದ್ದೇನೆ.

ಮೊದಲು ಸಂಗತಿಯ ಗಾತ್ರ ತಿಳಿಯೋಣ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇರುವುದು ಕಂಡಿತು. ಅದಕ್ಕಿಂತ ಕಳವಳದ ಸಂಗತಿ ಬೇರೆಯಿದೆ. ಚಿಕಿತ್ಸೆ ಬೇಕಿದ್ದೂ ಸಿಗದವರ ಪ್ರಮಾಣ, ಕಾಯಿಲೆಗೆ ತಕ್ಕಂತೆ, ನೂರಕ್ಕೆ 70ರಿಂದ 92ರವರೆಗೆ ಇತ್ತು. ನೂರು ಜನ ಜ್ವರದಿಂದ ಮಲಗಿದ ಊರಿನಲ್ಲಿ ಎಂಬತ್ತು ಜನಕ್ಕೆ ಒಂದು ಮಾತ್ರೆಯೂ ಸಿಗಲಿಲ್ಲವೆಂದರೆ ನಾವು ರಸ್ತೆಗೆ ಇಳಿಯುತ್ತಿದ್ದೆವು. ಮನಸ್ಸಿನ ಕಾಯಿಲೆಯಾದ್ದರಿಂದ ಬಾಗಿಲು ಹಾಕಿಕೊಂಡೆವು. 2022ರ ಒಂದೇ ವರ್ಷದಲ್ಲಿ ಈ ದೇಶದಲ್ಲಿ 1,70,924 ಮಂದಿ ತಮ್ಮ ಜೀವ ತಾವೇ ಕಳೆದುಕೊಂಡರು ಎನ್ನುತ್ತದೆ ಸರ್ಕಾರದ ಲೆಕ್ಕ. ಇಷ್ಟು ದೊಡ್ಡ ದೇಶಕ್ಕೆ ಮನೋವೈದ್ಯರು ಲಕ್ಷ ಜನಕ್ಕೆ ಒಬ್ಬರೂ ಇಲ್ಲ. ಇರುವವರೂ ಬಹುಪಾಲು ನಗರಗಳಲ್ಲಿದ್ದಾರೆ.

ಹಾಗಾದರೆ ಹಳ್ಳಿಯವರು ನಗರಕ್ಕೆ ಹೋಗಿ ಬರಲಿ ಎನ್ನಬಹುದು. ಆ ಒಂದು ದಿನ ಹೇಗಿರುತ್ತದೆಂದು ಗುಬ್ಬಿ ತಾಲ್ಲೂಕಿನ ಒಂದು ಮನೆಯ ಕಡೆಯಿಂದ ನೋಡಿ. ಕೋಳಿ ಕೂಗುವ ಮೊದಲೇ ಎದ್ದು, ಕೊಟ್ಟಿಗೆ ಗುಡಿಸಿ, ಹಾಲು ಕರೆದು ಡೇರಿಗೆ ಹಾಕಬೇಕು. ಮೊದಲ ಬಸ್ಸಿಗೆ ಗುಬ್ಬಿ, ಅಲ್ಲಿಂದ ರೈಲು. ಕಾಯಿಲೆಯವರನ್ನು ಒಬ್ಬರೇ ಕಳಿಸುವಂತಿಲ್ಲ, ಜೊತೆಗೆ ಇಬ್ಬರಾದರೂ ಬೇಕು. ರೈಲಿನಲ್ಲಿ ಅವರು ಗಾಬರಿಯಾಗಿ ಎದ್ದುನಿಂತರೆ ಬೋಗಿಯೆಲ್ಲ ತಿರುಗಿ ನೋಡುತ್ತದೆ. ಆಸ್ಪತ್ರೆಯಲ್ಲಿ ಸಾಲು, ಚೀಟಿ, ಪರೀಕ್ಷೆ, ಮಾತ್ರೆ. ಊರು ಸೇರುವಾಗ ರಾತ್ರಿ. ಸಂಜೆಯ ಹಾಲನ್ನು ಪಕ್ಕದ ಮನೆಯವರು ಕರೆದಿರಬೇಕು, ಇಲ್ಲದಿದ್ದರೆ ಹಸು ಕೆಚ್ಚಲು ಬಿಗಿದುಕೊಂಡು ಕೂಗುತ್ತಿರುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ಉಳಿಯಿತು. ಆದರೆ ಮೂವರ ಕೂಲಿಯ ನಷ್ಟ, ಹೊಲದ ಕೆಲಸದ ನಷ್ಟ, ಊರಿನವರ ‘ಎಲ್ಲಿಗೆ ಹೋಗಿದ್ರಿ?’ ಎಂಬ ಪ್ರಶ್ನೆ ತಪ್ಪಲಿಲ್ಲ. ಒಂದು ಸಲ ಹೋಗುತ್ತಾರೆ, ಎರಡು ಸಲ ಹೋಗುತ್ತಾರೆ. ಮೂರನೆಯ ತಿಂಗಳು ಮಾತ್ರೆ ಮುಗಿದಾಗ, ‘ಈಗ ಪರವಾಗಿಲ್ವಲ್ಲ’ ಎಂದು ಸುಮ್ಮನಾಗುತ್ತಾರೆ. ಕಾಯಿಲೆ ಮರಳುವುದು ಅಲ್ಲಿಂದಲೇ.

ಈ ದೂರವನ್ನು ಕಡಿಮೆ ಮಾಡಲು ಹೊರಟವರಲ್ಲಿ ಕರ್ನಾಟಕದವರು ಮೊದಲಿಗರು. ಇದನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ನಿಮ್ಹಾನ್ಸ್ 1974ರಲ್ಲಿ ಈಗಿನ ರೂಪಕ್ಕೆ ಬಂತು. ಮರು ವರ್ಷವೇ ಅಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಶುರುವಾಯಿತು. ಬೆಂಗಳೂರಿನ ಹೊರವಲಯದ ಸಕಲವಾರದ ಕೇಂದ್ರದಲ್ಲಿ ಕೂತು ಆ ಘಟಕದ ವೈದ್ಯರು ಒಂದು ಸರಳ ಪ್ರಶ್ನೆ ಕೇಳಿಕೊಂಡರು: ಹಳ್ಳಿಯ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯನಿಗೆ, ಮನೆ ಮನೆಗೆ ಹೋಗುವ ಕಾರ್ಯಕರ್ತರಿಗೆ ಕಲಿಸಿಕೊಟ್ಟರೆ ಮನಸ್ಸಿನ ಕಾಯಿಲೆಯನ್ನು ಊರಿನಲ್ಲೇ ನೋಡಿಕೊಳ್ಳಬಹುದಲ್ಲವೇ? 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಮಾಡಿ ತೋರಿಸಿದರು. 1982ರಲ್ಲಿ ದೇಶಕ್ಕೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತ್ತು. ಅದನ್ನು ಜಿಲ್ಲೆಯ ಮಟ್ಟದಲ್ಲಿ ಹೇಗೆ ನಡೆಸಬೇಕೆಂಬುದಕ್ಕೆ ಬಳ್ಳಾರಿ ಮಾದರಿಯಾಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೇರು ಅಲ್ಲಿದೆ. ಮುಂದೆ ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಾಯಿತು.

ಇನ್ನೂ ಹತ್ತಿರದ ಉದಾಹರಣೆ ನಮ್ಮ ಜಿಲ್ಲೆಯಲ್ಲೂ ಇದೆ. 2005ರಿಂದ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಮೇಲೆ ನಮ್ಮ ಜಿಲ್ಲೆಯ ತುರುವೇಕೆರೆಯಲ್ಲಿ ನಿಮ್ಹಾನ್ಸ್ ವೈದ್ಯರು ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗ ಇರುವವರನ್ನು ಹಳ್ಳಿ ಹಳ್ಳಿಯಲ್ಲಿ ಹುಡುಕಿ, ಊರಿನಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಅವರ ಜಾಡು ಹಿಡಿದರು. ಮಾತ್ರೆ ತೆಗೆದುಕೊಂಡವರು ಕೆಲಸ ಕಾರ್ಯಕ್ಕೆ, ಮನೆಯ ಜವಾಬ್ದಾರಿಗೆ ಮರಳುವುದನ್ನು ಕಂಡು ಬರೆದಿಟ್ಟರು. ಈ ಕಾಯಿಲೆಯವರಿಗೆ ಹಳ್ಳಿ ಬದುಕಿನಲ್ಲಿ ಒಂದು ಜಾಗ ಸುಲಭವಾಗಿ ಸಿಗುತ್ತದೆ. ಕುರಿ ಕಾಯುವುದು, ತೆಂಗಿನಕಾಯಿ ಸುಲಿಯುವುದು, ಹಾಲು ಹಾಕಿ ಬರುವುದು, ಇವು ಗಡಿಯಾರ ನೋಡಿ ಮಾಡುವ ಕೆಲಸಗಳಲ್ಲ. ಗುಣವಾಗುತ್ತಿರುವ ಮನುಷ್ಯನಿಗೆ ತನ್ನ ವೇಗದಲ್ಲಿ ನಡೆಯಲು ಊರು ಅವಕಾಶ ಕೊಡುತ್ತದೆ. ಚಿಕಿತ್ಸೆ ಊರಿಗೇ ಬರಲಿ ಎಂದು ನಾನು ಹೇಳುವುದು ಬಸ್ ಚಾರ್ಜು ಉಳಿಯುತ್ತದೆಂಬ ಕಾರಣಕ್ಕಷ್ಟೇ ಅಲ್ಲ ಎಂಬುದು ನಿಮಗೆ ಈಗ ತಿಳಿದಿರುತ್ತದೆ.

ದೂರದಿಂದಲೇ ಮನಸ್ಸಿಗೆ ಮದ್ದು ಕೊಡುವುದೂ ಕನ್ನಡಿಗರಿಗೆ ಹೊಸದಲ್ಲ. ನಮ್ಮ ವಾರಪತ್ರಿಕೆ, ಮಾಸಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳನ್ನು ನೆನಪು ಮಾಡಿಕೊಳ್ಳಿ. ‘ಹೆಸರು, ಊರು ಪ್ರಕಟಿಸಬೇಡಿ’ ಎಂದು ಕೊನೆಯಲ್ಲಿ ಬರೆದು ಅಂಚೆಗೆ ಹಾಕಿದ ಪತ್ರಗಳೆಷ್ಟೋ. ಡಾ. ಸಿ.ಆರ್. ಚಂದ್ರಶೇಖರ್ ಅವರು ಕನ್ನಡದಲ್ಲಿ ನೂರಾರು ಪುಸ್ತಕ ಬರೆದು, ಮನಸ್ಸಿನ ಕಾಯಿಲೆಯ ಮಾತನ್ನು ಅಡುಗೆಮನೆಯವರೆಗೆ ತಂದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಅಂಥ ಅನಾಮಧೇಯ ಓದುಗರೆಲ್ಲ ಸಂತೋಷಪಟ್ಟಿರಬೇಕು. ಶಿವಮೊಗ್ಗದ ಡಾ. ಅಶೋಕ್ ಪೈ ಇದೇ ಕೆಲಸಕ್ಕೆ ಸಿನಿಮಾವನ್ನೂ ಬಳಸಿಕೊಂಡರು. ಎದುರು ಕೂತು ಹೇಳಲಾಗದ್ದನ್ನು ಜನ ದೂರದವರಿಗೆ ಹೇಳಬಲ್ಲರು. ಈ ಸತ್ಯವನ್ನು ಆ ಪತ್ರಗಳು ನಮಗೆ ಯಾವತ್ತೋ ಕಲಿಸಿದ್ದವು.

ಈಗ ಪತ್ರದ ಜಾಗಕ್ಕೆ ಫೋನು ಬಂದಿದೆ. 2020ರ ಮಾರ್ಚ್ 25ರಂದು, ಕೋವಿಡ್ ಲಾಕ್‌ಡೌನಿನ ಮೊದಲ ದಿನವೇ, ದೇಶದಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂತು. ಫೋನು, ವಿಡಿಯೊ ಮೂಲಕ ವೈದ್ಯರು ನೋಡಿ ಮಾತ್ರೆ ಬರೆಯುವುದಕ್ಕೆ ಸ್ಪಷ್ಟ ನಿಯಮ ಸಿಕ್ಕಿತು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಟೆಲಿ ಮಾನಸ್ ಎಂಬ ಸಹಾಯವಾಣಿ ಆರಂಭವಾಯಿತು. ಅದರ ಕೇಂದ್ರಸ್ಥಾನ ನಮ್ಮ ನಿಮ್ಹಾನ್ಸ್. ತಾಂತ್ರಿಕ ನೆರವು ಬೆಂಗಳೂರಿನ ಐಐಐಟಿಯದು. 14416ಕ್ಕೆ ಕರೆ ಮಾಡಿದರೆ ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ. ಹೆಚ್ಚಿನ ನೆರವು ಬೇಕೆನಿಸಿದರೆ ಮನೋವೈದ್ಯರ ಕಡೆಗೆ, ಹತ್ತಿರದ ಆಸ್ಪತ್ರೆಯ ಕಡೆಗೆ ದಾರಿ ತೋರಿಸುತ್ತಾರೆ. ಇಪ್ಪತ್ತು ಭಾಷೆಗಳಲ್ಲಿ ಈ ಸೇವೆಯಿದೆ.

ಇದಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಇನ್ನೊಂದು. ನಿಮ್ಹಾನ್ಸ್ ಮನೋವೈದ್ಯರು ವಿಡಿಯೊ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಪಕ್ಕದಲ್ಲೇ ಕೂತಂತೆ, ಅವರು ದಿನವೂ ನೋಡುವ ಸಾಮಾನ್ಯ ರೋಗಿಗಳ ನಡುವೆ ಮನಸ್ಸಿನ ಕಾಯಿಲೆಯನ್ನು ಗುರುತಿಸುವುದನ್ನು ಕಲಿಸುವ ತರಬೇತಿ. ಅದರ ಬೆಲೆ ನನ್ನ ವೃತ್ತಿಯವರಿಗೆ ಗೊತ್ತು. ತಲೆನೋವು ಎಂದು ತಿಂಗಳಿಗೊಮ್ಮೆ ಬರುತ್ತಿದ್ದ ಒಬ್ಬ ತಾಯಿಗೆ ನಾನು ವರ್ಷಗಟ್ಟಲೆ ನೋವಿನ ಮಾತ್ರೆಯನ್ನೇ ಬರೆದುಕೊಟ್ಟಿದ್ದೇನೆ. ನಿದ್ದೆ ಹೇಗಿದೆ ಎಂದು ಒಂದು ಸಲವೂ ಕೇಳಿರಲಿಲ್ಲ. ಕೇಳಿದ ದಿನ ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೇಳಿದ್ದು ಇಷ್ಟೇ: ‘ಮೂರು ಗಂಟೆಗೆ ಎಚ್ಚರ ಆಯ್ತದೆ ಸಾ. ಆಮ್ಯಾಕೆ ಬೆಳಗಾಗೋದೇ ಇಲ್ಲ.’ ನಾನು ಓದಿದ ಯಾವ ವೈದ್ಯಗ್ರಂಥವೂ ಖಿನ್ನತೆಯನ್ನು ಇಷ್ಟು ಚೆನ್ನಾಗಿ ವಿವರಿಸಿರಲಿಲ್ಲ.

ಆದ್ದರಿಂದ ಭಾಷೆಯ ಬಗ್ಗೆ ಒಂದು ಮಾತು. ‘ಖಿನ್ನತೆ ಇದೆಯೇ?’ ಎಂದು ಕೇಳಿದರೆ ನಮ್ಮ ಕಡೆಯವರು ಇಲ್ಲವೆನ್ನುತ್ತಾರೆ. ಅದು ಪುಸ್ತಕದ ಮಾತು. ‘ಬೇಜಾರು’, ‘ಮಂಕು ಕವಿದಂಗೆ’, ‘ಎದೆ ಡವಡವ ಅಂತದೆ’, ‘ಕೈಕಾಲಲ್ಲಿ ಶಕ್ತಿನೇ ಇಲ್ಲ’, ‘ಯಾಕೋ ಏನೂ ಬ್ಯಾಡ ಅನ್ನುಸ್ತದೆ’ ಎನ್ನುತ್ತಾರೆ. ಭಾರೀ ಕಾಯಿಲೆಯಾದರೆ ‘ಗಾಳಿ ಸೋಕಿದೆ’, ‘ಮಾಟ ಮಾಡ್ಸವ್ರೆ’ ಎನ್ನುತ್ತಾರೆ. ಕರೆ ಸ್ವೀಕರಿಸುವವರಿಗೆ ಈ ಮಾತುಗಳು ಅರ್ಥವಾಗಬೇಕು. ಹೇಮಾವತಿ ನಾಲೆಯ ಬಯಲಿನವರು ಹೇಳುವ ಪರಿ ಬೇರೆ, ಪಾವಗಡದವರು ಹೇಳುವ ಪರಿ ಬೇರೆ. ದೇವರ ಹರಕೆಯನ್ನು ಹೀಗಳೆದು ಮಾತು ಶುರುಮಾಡಿದರೆ ಆ ಕಡೆಯವರು ಫೋನಿಟ್ಟುಬಿಡುತ್ತಾರೆ. ‘ಹರಕೆ ಇರಲಿ ತಾಯಿ, ಮಾತ್ರೆನೂ ತಗೊಳ್ಳಿ’ ಎನ್ನುವ ವೈದ್ಯನ ಮಾತು ನಡೆಯುತ್ತದೆ. ಆದರೆ ಸರಪಳಿ ಹಾಕುವುದನ್ನು ಮಾತ್ರ ಯಾವ ನಂಬಿಕೆಯ ಹೆಸರಿನಲ್ಲೂ ಒಪ್ಪಬಾರದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ಮನೋರೋಗಿಗಳು ಓಡಲಾರದೆ ಸುಟ್ಟುಹೋದರು. 28 ಜೀವ ಹೋಯಿತು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ. ಚಿಕಿತ್ಸೆ ಪ್ರತಿಯೊಬ್ಬರ ಹಕ್ಕು ಎಂದಿದೆ. ಜೀವ ತೆಗೆದುಕೊಳ್ಳಲು ಹೋಗಿ ಬದುಕಿಕೊಂಡವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕು, ಶಿಕ್ಷಿಸಬಾರದು, ಸರ್ಕಾರ ಅವರ ಆರೈಕೆ ಮಾಡಬೇಕು ಎಂದೂ ಹೇಳಿದೆ.

ಇಷ್ಟೆಲ್ಲ ಇದ್ದೂ ಮಾರುಕಟ್ಟೆಯ ರೈತರಿಗೆ ಆ ನಂಬರ್ ಯಾಕೆ ಗೊತ್ತಿಲ್ಲ? ಗೊತ್ತಿದ್ದರೂ ಜನ ಯಾಕೆ ಕರೆ ಮಾಡುವುದಿಲ್ಲ? ನಾನು ಬಲ್ಲ ಒಂದು ಪ್ರಸಂಗ ಹೇಳುತ್ತೇನೆ. ಯಾರ ಗುರುತೂ ಸಿಗದಂತೆ ವಿವರ ಬದಲಿಸಿದ್ದೇನೆ.

ಕುಣಿಗಲ್ ಕಡೆಯ ಒಂದು ಹಳ್ಳಿ. ಆಶಾ ಕಾರ್ಯಕರ್ತೆಯೊಬ್ಬರು ಮಗುವಿನ ಲಸಿಕೆಯ ದಿನ ನೆನಪಿಸಲು ಒಂದು ಮನೆಗೆ ಹೋದರು. ಊಟದ ಹೊತ್ತು. ಹಿತ್ತಲ ಕಡೆಯ ಕೋಣೆಗೆ ಹೊರಗಿನಿಂದ ಚಿಲಕ. ಬಾಗಿಲ ಪಕ್ಕ ನೆಲದ ಮೇಲೆ ಒಂದು ತಟ್ಟೆ, ಅದರ ಮೇಲೆ ಇನ್ನೊಂದು ತಟ್ಟೆ ಕವುಚಿಟ್ಟಿತ್ತು. ಮನೆಯವರೆಲ್ಲ ನಡುಮನೆಯಲ್ಲಿ ಕಣ್ಣೆದುರಿಗೇ ಇದ್ದಾರೆ, ಹಾಗಾದರೆ ಈ ಊಟ ಯಾರಿಗೆ? ಅವರು ಅವತ್ತು ಏನೂ ಕೇಳಲಿಲ್ಲ. ಮುಂದಿನ ವಾರ ಮತ್ತೆ ಹೋಗಿ, ಅಜ್ಜಿಯ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಾ, ‘ಒಳಗೆ ಯಾರವ್ರೆ ಅಜ್ಜಿ?’ ಎಂದರು. ಉತ್ತರ ಬಂದದ್ದು ಮೂರನೆಯ ಸಲ ಹೋದಾಗ. ಕಾಲೇಜಿಗೆ ಹೋಗುತ್ತಿದ್ದ ಹುಡುಗ, ಯಾರೋ ಕಿವಿಯಲ್ಲಿ ಮಾತನಾಡುತ್ತಾರೆಂದು ಓದು ಬಿಟ್ಟವನು, ಎಂಟು ವರ್ಷದಿಂದ ಆ ಕೋಣೆಯಲ್ಲಿದ್ದ.

ಮುಂದಿನದು ಸರಳವಾಗಿ ನಡೆಯಿತು. ಆರೋಗ್ಯ ಕೇಂದ್ರದಿಂದ ವಿಡಿಯೊ ಕರೆಯಲ್ಲಿ ಮನೋವೈದ್ಯರು ನೋಡಿದರು. ನಾಡಿ, ರಕ್ತದೊತ್ತಡ, ತೂಕ ನೋಡಿ ಹೇಳಿದವರು ಇಲ್ಲಿನ ವೈದ್ಯರು. ಮಾತ್ರೆ ಶುರುವಾಯಿತು. ಮೊದಲ ವಾರ ಮಂಪರು, ಕೈ ನಡುಕ ಬಂದು ಮನೆಯವರು ಮಾತ್ರೆ ನಿಲ್ಲಿಸಲು ಹೊರಟಾಗ ಆಶಾ ಅವರೇ ಮತ್ತೆ ಫೋನು ಹಚ್ಚಿ ಕೊಟ್ಟರು. ಮಾತ್ರೆಯ ಪ್ರಮಾಣ ಬದಲಾಯಿತು. ಖಾಲಿಯಾದ ಮಾತ್ರೆ ಹಾಳೆಗಳನ್ನು ಅವರು ಪ್ರತಿ ವಾರ ಎಣಿಸಿದರು. ಕೆಲವು ತಿಂಗಳ ಮೇಲೆ ಒಂದು ದಿನ ಅಜ್ಜಿ ಕಣ್ಣರಳಿಸಿ ಹೇಳಿದರು: ‘ಡೇರಿಗೋಗಿ ಹಾಲು ಹಾಕ್ಬುಟ್ಟು ಬಂದ ಕಣವ್ವ, ಲೀಟ್ರು ಎಷ್ಟು ಅಂತ ಚೀಟಿನೂ ತಂದ!’

ಈ ಪ್ರಸಂಗದಲ್ಲಿ ಫೋನು ಮಾಡಿದ ಕೆಲಸ ದೊಡ್ಡದು. ಅದಿಲ್ಲದಿದ್ದರೆ ಆ ಹುಡುಗನಿಗೆ ಮನೋವೈದ್ಯರು ಸಿಗುತ್ತಲೇ ಇರಲಿಲ್ಲ. ಆದರೆ ಕವುಚಿಟ್ಟ ತಟ್ಟೆ ಫೋನಿಗೆ ಕಾಣುವುದಿಲ್ಲ. ಅದನ್ನು ಕಂಡದ್ದು ಹೊಸಿಲು ದಾಟಿ ಒಳಗೆ ಬಂದ, ಆ ಮನೆಯ ನಂಬಿಕೆ ಗಳಿಸಿದ್ದ ಒಬ್ಬ ಹೆಣ್ಣುಮಗಳು. ನಾನು ಇವತ್ತು ಹೇಳಬೇಕೆಂದು ಬಂದ ಮಾತು ಇದೊಂದೇ: ದೂರದ ಆರೈಕೆ ಬೆಳೆದಷ್ಟೂ ಹತ್ತಿರದ ಕೈ ಹೆಚ್ಚು ಬೇಕಾಗುತ್ತದೆ. ಬೆಂಗಳೂರಿನಿಂದ ಹಳ್ಳಿಗಿರುವ ನೂರು ಕಿಲೋಮೀಟರನ್ನು ಫೋನು ದಾಟಿಸುತ್ತದೆ. ಹಿತ್ತಲ ಕೋಣೆಯಿಂದ ನಡುಮನೆಗಿರುವ ಹತ್ತು ಹೆಜ್ಜೆಯನ್ನು ಮನುಷ್ಯರೇ ದಾಟಿಸಬೇಕು.

ಜಗತ್ತಿನ ಅನುಭವವೂ ಇದನ್ನೇ ಹೇಳುತ್ತದೆ. ಜಿಂಬಾಬ್ವೆಯಲ್ಲಿ ಡಾ. ಡಿಕ್ಸನ್ ಚಿಬಾಂಡ ಅವರು ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ನೊಂದವರ ಮಾತು ಕೇಳಲು ಕೂರಿಸಿದರು. ಅದು ಫಲ ಕೊಟ್ಟಿತು. ಗೋವಾದ ಸಂಗಾತ್ ಸಂಸ್ಥೆ ವೈದ್ಯರಲ್ಲದ ಸ್ಥಳೀಯರಿಂದಲೇ ಖಿನ್ನತೆಗೆ ಆಪ್ತಸಮಾಲೋಚನೆ ಮಾಡಿಸಿ ಗೆದ್ದಿತು. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಚೆನ್ನೈನ ಸ್ಕಾರ್ಫ್ ಸಂಸ್ಥೆ ವಿಡಿಯೊ ಸಲಹೆಯನ್ನು ಬಸ್ಸಿನಲ್ಲಿಟ್ಟು ಹಳ್ಳಿಗೆ ಕಳಿಸಿತು. ಬಸ್ಸಿನ ಜೊತೆ ಮಾತ್ರೆಯೂ ಹೋಯಿತು, ಊರಿನ ಕಾರ್ಯಕರ್ತರೂ ಇದ್ದರು.

ಹಾಗಾದರೆ ತುಮಕೂರು, ಗುಬ್ಬಿ, ಕುಣಿಗಲ್ಲಿನಲ್ಲಿ ನಾವು ಮಾಡಬೇಕಾದ್ದೇನು?

ಮೊದಲನೆಯದು, ಬಾಗಿಲಿರುವ ಒಂದು ಕೋಣೆ. ನಮ್ಮ ಎಷ್ಟೋ ಊರುಗಳಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುವುದು ಅರಳಿಕಟ್ಟೆಯ ಮೇಲೆ. ಅಂದರೆ ಊರಿನವರೆಲ್ಲ ಕೂರುವ ಜಾಗದಲ್ಲಿ. ಗಂಡನ ಕುಡಿತದ ಬಗ್ಗೆ, ಬಾಣಂತನದಲ್ಲಿ ಬಂದ ಕೆಟ್ಟ ಯೋಚನೆಯ ಬಗ್ಗೆ ಒಬ್ಬ ಸೊಸೆ ಅಲ್ಲಿ ನಿಂತು ಮಾತನಾಡಲಾರಳು. ಮನೆಯಲ್ಲಿರುವ ಒಂದೇ ಫೋನು ಅವಳ ಕೈಗೆ ಸಿಗುವುದೂ ಕಷ್ಟ. ಪ್ರತಿ ಆರೋಗ್ಯ ಉಪಕೇಂದ್ರದಲ್ಲಿ ಒಂದು ಫೋನು, ಎರಡು ಕುರ್ಚಿ, ಮುಚ್ಚಲು ಬರುವ ಬಾಗಿಲು ಇರಲಿ. ಇದಕ್ಕೆ ಕೋಟಿ ರೂಪಾಯಿ ಬೇಡ, ಗ್ರಾಮ ಪಂಚಾಯಿತಿಯ ಒಂದು ತೀರ್ಮಾನ ಸಾಕು.

ಎರಡನೆಯದು, ಮಾತ್ರೆ. ಎಷ್ಟು ಒಳ್ಳೆಯ ಸಲಹೆ ಬಂದರೂ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಮಾತ್ರೆ ಇಲ್ಲದಿದ್ದರೆ ಅದು ಗಾಳಿಮಾತು. ಬಿಪಿ, ಶುಗರ್ ಮಾತ್ರೆಯಂತೆ ಇದೂ ತಪ್ಪದೆ ಪ್ರತಿ ತಿಂಗಳು ಸಿಗಬೇಕು.

ಮೂರನೆಯದು, ಆಶಾ ಕಾರ್ಯಕರ್ತೆಯರ ಈ ಕೆಲಸಕ್ಕೆ ಲೆಕ್ಕ ಇರಬೇಕು, ಗೌರವಧನ ಇರಬೇಕು. ಮೂರು ಸಲ ಹೋಗಿ ಅವರೆಕಾಯಿ ಸುಲಿದದ್ದನ್ನು ಬರೆಯಲು ಯಾವ ನಮೂನೆಯಲ್ಲೂ ಕಾಲಂ ಇಲ್ಲ. ಆ ಮೂರು ಭೇಟಿಯಿಂದಲೇ ಒಂದು ಬದುಕು ಮರಳಿತು. ಕೇಳಿಸಿಕೊಂಡ ದುಃಖ ಅವರ ಎದೆಯ ಮೇಲೂ ಕೂರುತ್ತದೆ. ಅವರ ಮಾತು ಕೇಳುವವರೂ ಇರಬೇಕು.

ನಾಲ್ಕನೆಯದು, ಫೋನಿನ ಮಿತಿಯನ್ನು ನಾವು ಅರಿತಿರಬೇಕು. ಒಬ್ಬರು ಜೀವ ಕಳೆದುಕೊಳ್ಳುವ ಮಾತಾಡಿದರೆ ನಂಬರ್ ಕೊಟ್ಟು ಸುಮ್ಮನಾಗಬಾರದು. ಪಕ್ಕದಲ್ಲಿ ಕೂರಬೇಕು, ಒಬ್ಬರನ್ನೇ ಬಿಡಬಾರದು, 108 ಕರೆಯಬೇಕು, ಆಸ್ಪತ್ರೆಗೆ ಕರೆದೊಯ್ಯಬೇಕು. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ಬೇಡ. ಕೇಳಿದಾಗ ಎದೆ ಹಗುರಾಗುತ್ತದೆ. ಹೊಲಕ್ಕೆ ಹೊಡೆಯುವ ವಿಷ ಮನೆಯಲ್ಲಿ ಕೈಗೆ ಸಿಗುವಂತೆ ಇರಬಾರದು, ಬೀಗದೊಳಗಿರಬೇಕು. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಯ ಪ್ರಮಾಣ ಬಹಳ ಇಳಿಯಿತು. ಆ ಒಂದು ಕೆಟ್ಟ ಗಳಿಗೆ ದಾಟಿದರೆ ಬಹುಪಾಲು ಮಂದಿ ಬದುಕುತ್ತಾರೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಕೊನೆಯದಾಗಿ ಈ ಸಭೆಗೆ ನನ್ನ ಬಿನ್ನಹ. 14416 ಎಂಬ ಸಂಖ್ಯೆ ನಮ್ಮ ಡೇರಿಯ ಗೋಡೆ, ನ್ಯಾಯಬೆಲೆ ಅಂಗಡಿ, ಶಾಲೆ, ಬಸ್ ನಿಲ್ದಾಣ, ಇಲ್ಲೇ ಇರುವ ತರಕಾರಿ ಮಾರುಕಟ್ಟೆಯ ಕಂಬಗಳ ಮೇಲೆ ದೊಡ್ಡ ಅಕ್ಷರದಲ್ಲಿ ಬರಲಿ. ಈ ದತ್ತಿಯನ್ನು ಸ್ಥಾಪಿಸಿದ ಕುಟುಂಬದವರು ನನಗೆಂದು ಇಟ್ಟಿರುವ ಗೌರವಧನವನ್ನು ಆ ಬಣ್ಣ ಮತ್ತು ಕುಂಚದ ಖರ್ಚಿಗೆ ಬಳಸಬೇಕೆಂದು ಕೈಮುಗಿದು ಕೇಳುತ್ತೇನೆ. ಮೊದಲ ಅಕ್ಷರ ಮಾರುಕಟ್ಟೆಯಲ್ಲೇ ಬರೆಸೋಣ. ಬೆಳಗ್ಗೆ ಆ ರೈತರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರ ಭಾವಮೈದುನನಿಗೆ ತಡವಾಗಿದೆ. ಅವರ ಪಕ್ಕ ಮೂಟೆ ಇಳಿಸುವ ಇನ್ನೊಬ್ಬರ ಮನೆಯಲ್ಲಿ ಇವತ್ತಿಗೂ ಒಂದು ತಟ್ಟೆ ಕವುಚಿಟ್ಟಿರಬಹುದು. ನಂಬರ್ ಬರೆಯುವುದು ಮೊದಲ ಕೆಲಸ. ಆ ಮನೆಗೆ ಹೋಗಿ, ಅವರ ಪಕ್ಕ ಕೂತು, ಕರೆ ಹಚ್ಚಿ ಅವರ ಕೈಗೆ ಫೋನು ಕೊಡುವುದು ಎರಡನೆಯದು.